ಯವನರ ಹವಳ

ಮಾವನ ಹೃದಯದ ಆಪರೇಷನ್ನಿನ ಹಿಂದಿನ ದಿನ ಅತ್ತೆಯ ಮಾಂಗಲ್ಯದ ಸರ ಹೆಚ್ಚಿತು. ಹರಿಯಿತು ಎನ್ನಬಾರದಂತೆ, ಹೆಚ್ಚಿತು ಎನ್ನಬೇಕಂತೆ. ಟೆಕ್ಸಸ್‌ನ ಮೆಕಿನ್ನಿಯ ನಮ್ಮ ಮನೆಯಿಂದ ಮಾವ ಸೇರಿದ್ದ ಹ್ಯೂಸ್ಟನ್ನಿನ ಆಸ್ಪತ್ರೆಗೆ ನಾನು ಡ್ರೈವ್ ಮಾಡುತ್ತಿದ್ದೆ. ದಾರಿಯ ಗ್ಯಾಸ್ ಸ್ಟೇಷನ್ನಿನಲ್ಲಿ ಪೆಟ್ರೋಲಿಗೆ ನಿಲ್ಲಿಸಿದಾಗ, ಇಳಿಯಹೋದ ಅತ್ತೆಯ ಸರ ಸೀಟ್ ಬೆಲ್ಟಿಗೆ ಸಿಕ್ಕಿಕೊಂಡಿತು. ತಾಳಿ, ಗುಂಡು, ಕರಿಮಣಿ ಎಲ್ಲ ಅತ್ತೆಯ ಮಡಿಲಿಗೇ ಬಿದ್ದವು. ಎರಡು ಹವಳಗಳಲ್ಲಿ ಒಂದು ಮಾತ್ರ ಕಾಣಲಿಲ್ಲ. ಸೀಟಿನ ಕೆಳಗೆ ತಡಕಿದೆ, ಎಣ್ಣೆ ಕಲೆಯ ಕಾಂಕ್ರೀಟಿನ ಮೇಲೆ ಮಂಡಿಯೂರಿ ಹುಡುಕಿದೆ. ಟ್ರಕ್ ಡ್ರೈವರನೊಬ್ಬ ನನ್ನ ಕಾಂಟ್ಯಾಕ್ಟ್ ಲೆನ್ಸ್ ಬಿದ್ದಿದೆ ಎಂದುಕೊಂಡು ತಾನೂ ಬಗ್ಗಿದ. ಅವನಿಗೆ ಏನೆಂದು ಬಿಡಿಸಿ ಹೇಳುವುದು?

ಅತ್ತೆ ಅಳಲಿಲ್ಲ. ಕೈಚೀಲದಿಂದ ಅರಿಶಿನದ ಕೊಂಬು ತೆಗೆದು, ದಾರಕ್ಕೆ ಕಟ್ಟಿ ಕೊರಳಿಗೆ ಹಾಕಿಕೊಂಡರು. ಅಮೆರಿಕಕ್ಕೆ ಬರುವಾಗ ಅದನ್ನು ಪಾಸ್‌ಪೋರ್ಟಿನ ಜೊತೆಗೇ ಇಟ್ಟುಕೊಂಡು ಬಂದಿದ್ದರು.

"ನಾಳೆ ಅವರನ್ನ ಒಳಗೆ ಕರ್ಕೊಂಡು ಹೋಗೋ ಹೊತ್ತಿಗೆ ಸರ ಸರಿಯಾಗಿರ್ಬೇಕು ಕಣೇ ತೃಪ್ತಿ," ಎಂದರು. "ಇಲ್ದಿದ್ರೆ ನಾನು ಕಳ್ಸಲ್ಲ."

ಕಳಿಸದಿದ್ದರೆ ಮಾವ ಉಳಿಯುವುದಿಲ್ಲ ಎಂದು ಡಾಕ್ಟರು ನನ್ನ ಗಂಡ ವಿಶ್ವಾಸನಿಗೆ ಹೇಳಿಯಾಗಿತ್ತು. ಅದನ್ನು ಅತ್ತೆಗೆ ಹೇಳುವ ಧೈರ್ಯ ಅವನಿಗೂ ಇರಲಿಲ್ಲ, ನನಗೂ ಇರಲಿಲ್ಲ. ಒಂದು ಮಣಿಗೆ ಮನುಷ್ಯನನ್ನು ಕಟ್ಟಿಹಾಕುವುದೇ ಎಂದು ಸಿಟ್ಟು ಬಂತು. ಹಾಗಂತ ನಾನೇನು ಕಡಿಮೆಯೇ? ಗ್ಯಾಸ್ ಸ್ಟೇಷನ್ನಿನಿಂದ ಹೊರಟ ಮೇಲೂ ನನ್ನ ಕೈ ಸುಮ್ಮಸುಮ್ಮನೆ ಕೊರಳಿನ ತಾಳಿ ಮುಟ್ಟಿ ಬರುತ್ತಿತ್ತು.

ಅದು ಎರಡು ಸಾವಿರದ ಮೂರನೆಯ ಇಸವಿ. ಮನೆಯಿಂದ ಪ್ರಿಂಟ್ ಮಾಡಿಕೊಂಡು ತಂದಿದ್ದ ಹಾಳೆಯಲ್ಲಿ ಆಸ್ಪತ್ರೆಯ ದಾರಿ ಮಾತ್ರ ಇತ್ತು. ಹ್ಯೂಸ್ಟನ್ನಿನ ಹಿಲ್‌ಕ್ರಾಫ್ಟ್ ಬೀದಿಯ ಇಂಡಿಯನ್ ಅಂಗಡಿಗಳನ್ನು ಹುಡುಕುವಷ್ಟರಲ್ಲಿ ಫ್ರೀವೇಯ ಮೇಲೆ ದಿಕ್ಕು ತಪ್ಪಿ, ನೋಡಿದ ಸೇತುವೆಯನ್ನೇ ಮತ್ತೆ ನೋಡಿದೆವು. ಕೊನೆಗೆ ಒಡವೆ ಅಂಗಡಿಯ ಗುಜರಾತಿ ಆಂಟಿ ಪುಟ್ಟ ಹವಳವೊಂದನ್ನು ಮುಂದಿಟ್ಟರು. ಉಳಿದಿದ್ದ ಹವಳದ ಪಕ್ಕದಲ್ಲಿಟ್ಟರೆ ಅಕ್ಕತಂಗಿಯರಂತೆ ಇತ್ತು.

"ಯೇ ಕಹಾಂ ಕಾ?" ಎಲ್ಲಿಯದೆಂದು ಅತ್ತೆ ತಮಗೆ ಬಂದಷ್ಟು ಹಿಂದಿಯಲ್ಲಿ ಕೇಳಿದರು.

"ಇಟಲಿ ಕಾ, ಮಾ ಜೀ. ಅಸಲಿ ಹೈ."

ಅತ್ತೆ ಮಣಿಯನ್ನು ಅಲ್ಲೇ ಬಿಟ್ಟು ಹೊರಗೆ ನಡೆದರು. "ತಾಳಿಗೆ ಇಟಲಿಯವರದ್ದು ಕಟ್ಕೊಳ್ಳೋದಾ? ಇದು ನಮ್ಮಜ್ಜಿ ಕಾಲದಿಂದ ಬಂದಿದ್ದು. ಅಪ್ಪಟ ಮೈಸೂರಿನ ಹವಳ." ಮೈಸೂರಿನಲ್ಲಿ ಸಮುದ್ರ ಎಲ್ಲಿದೆ ಅತ್ತೆ ಎಂಬ ಮಾತು ತುದಿನಾಲಿಗೆಗೆ ಬಂತು, ನುಂಗಿಕೊಂಡೆ. ಅವರು ಕಾರಿನ ಕಡೆ ಹೋದ ಮೇಲೆ ಮಣಿಯನ್ನು ಕೊಂಡು ಪರ್ಸಿಗೆ ಹಾಕಿಕೊಂಡೆ. ಊರಿನದೇ ಎಂದು ಸುಳ್ಳು ಹೇಳುವುದೋ ಬಿಡುವುದೋ ತಿಳಿಯಲಿಲ್ಲ.

ಮಾವ ಮೈಸೂರಿನಲ್ಲಿ ಮೂವತ್ತು ವರ್ಷ ಇತಿಹಾಸ ಪಾಠ ಮಾಡಿದವರು. ಹೆಸರು ವೆಂಕಟಗಿರಿ. ಆಸ್ಪತ್ರೆಯಲ್ಲಿ ಮೈತುಂಬ ವೈರು ಅಂಟಿಸಿಕೊಂಡು ಮಲಗಿದ್ದರೂ ಅವರ ಕಣ್ಣು ಮೊದಲು ಹೋದದ್ದು ಅರಿಶಿನದ ಕೊಂಬಿಗೆ. ಅತ್ತೆ ನಡೆದದ್ದನ್ನೆಲ್ಲ ಹೇಳಿದರು. ಇಟಲಿ ಎಂದ ಕೂಡಲೆ ಮಾವ ನಕ್ಕರು. ತಲೆಯ ಹತ್ತಿರದ ಯಂತ್ರ ಕೀಕ್ ಎಂದಿತು, ನರ್ಸ್ ಇಣುಕಿ ಹೋದಳು.

"ಅನಸೂಯ, ಹವಳ ಯಾವತ್ತೂ ಅಲ್ಲಿಂದಾನೇ ಬರ್ತಿದ್ದಿದ್ದು ಕಣೆ. ಎರಡು ಸಾವಿರ ವರ್ಷದ ಹಿಂದೆ, ಶಾತವಾಹನರ ಕಾಲದಲ್ಲಿ, ಯವನರು ಅಂದ್ರೆ ಗ್ರೀಕರು, ರೋಮಿನವರು ಹಡಗಲ್ಲಿ ಹವಳ, ಚಿನ್ನ ತರ್ತಿದ್ರು. ನಮ್ಮಿಂದ ಮೆಣಸು, ಮುತ್ತು, ಬಟ್ಟೆ ಹೋಗ್ತಿತ್ತು. ಆ ವ್ಯಾಪಾರದಲ್ಲೇ ರಾಜ್ಯ ಕೊಬ್ಬಿದ್ದು. ವರ್ತಕರು ಬೆಟ್ಟ ಕೊರೆಸಿ ಬೌದ್ಧ ಭಿಕ್ಷುಗಳಿಗೆ ಗುಹೆ ಮಾಡಿಸಿದ್ರು. ಅದರ ಕಂಬಗಳಲ್ಲಿ ದಾನ ಕೊಟ್ಟ ಯವನರ ಹೆಸರೂ ಇದೆ. ನಮ್ಮ ಚಂದ್ರವಳ್ಳಿಯಲ್ಲೇ ರೋಮಿನ ನಾಣ್ಯ ಸಿಕ್ಕಿದೆ."

"ಅಂದ್ರೆ ನಮ್ಮಜ್ಜಿದು?"

"ಅದೂ ಆ ಕಡೇದೇ ಇರ್ಬೇಕು."

ಅತ್ತೆಯ ಮುಖ ಕೆಂಪಾಯಿತು. "ಇಷ್ಟು ವರ್ಷದಲ್ಲಿ ನಂಗೆ ಒಂದಿನಾನಾದ್ರೂ ಹೇಳಿದ್ರಾ?"

"ನೀನು ಕೇಳ್ಲಿಲ್ಲ."

ಹಿತ್ತಲ ಗಿಡ ಮದ್ದಲ್ಲ ಎಂದು ಸುಮ್ಮನೆ ಹೇಳುವುದಿಲ್ಲ. ಆದರೆ ಗೊಂದಲಕ್ಕೆ ಬಿದ್ದವರು ಅತ್ತೆಯೊಬ್ಬರೇ ಅಲ್ಲ. ಎರಡು ಸಾವಿರ ವರ್ಷ ಕೊರಳಲ್ಲಿದ್ದರೂ ಅದು ಅವರದೇ? ಹಾಗಾದರೆ ನಮ್ಮದು ಅಂತ ಆಗುವುದು ಯಾವಾಗ? ಆರು ವರ್ಷದಿಂದ ಟೆಕ್ಸಸ್‌ನಲ್ಲಿರುವ ನಾನು ಯಾರ ಕಡೆಯವಳು? ಕೇಳಿದರೆ ಮಾವ ಇನ್ನೊಂದು ಪಾಠ ಶುರುಮಾಡುತ್ತಾರೆ. ಪರ್ಸ್ ತೆಗೆದು ಹವಳವನ್ನು ಅತ್ತೆಯ ಅಂಗೈಯಲ್ಲಿಟ್ಟೆ. ಅವರು ನನ್ನನ್ನು ದುರುಗುಟ್ಟಿ ನೋಡಿದರು. ಆಮೇಲೆ ಕಿಟಕಿಯ ಹತ್ತಿರ ಕೂತು ಕರಿಮಣಿ ಪೋಣಿಸತೊಡಗಿದರು. ಪೋಣಿಸಿದ್ದನ್ನು ಬಿಚ್ಚಿದರು, ಮತ್ತೆ ಪೋಣಿಸಿದರು. ಯಾವುದು ಅಜ್ಜಿಯ ಹವಳ, ಯಾವುದು ಅಂಗಡಿಯದು ಎಂದು ಅವರಿಗೇ ಗುರುತು ಸಿಗಲಿಲ್ಲ.

ಬೆಳಿಗ್ಗೆ ಮಾವನ ಮಂಚವನ್ನು ತಳ್ಳಿಕೊಂಡು ಹೋಗಲು ಇಬ್ಬರು ಬಂದರು. ಅತ್ತೆ ಸರ ಹಾಕಿಕೊಂಡು ಮಂಚದ ಕಂಬಿ ಹಿಡಿದು ನಡೆದರು. ದೊಡ್ಡ ಬಾಗಿಲ ಹತ್ತಿರ ನಿಲ್ಲಿಸಿದಾಗ, "ರೀ," ಎಂದರು. "ಆ ಹಡಗುಗಳು ವಾಪಸ್ ಹೋಗ್ತಿದ್ವಾ?"

ಮಾವನಿಗೆ ಆಗಲೇ ಮಂಪರು. "ಹೂಂ... ಗಾಳಿ ತಿರುಗ್ಬೇಕಿತ್ತು... ತಿಂಗಳುಗಟ್ಲೆ ಕಾಯ್ತಿದ್ರು."

"ಹಾಗಾದ್ರೆ ಹೋಗಿ ಬನ್ನಿ. ನಾನು ಇಲ್ಲೇ ಇರ್ತೀನಿ."

ಬಾಗಿಲು ಮುಚ್ಚಿತು. ಅತ್ತೆ ಕುರ್ಚಿಯಲ್ಲಿ ಕೂತು ಸರದ ಹವಳಗಳನ್ನು ಬೆರಳಲ್ಲಿ ಹೊರಳಿಸಿದರು. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು: "ತೃಪ್ತಿ, ಈ ಊರಲ್ಲಿ ಗಾಳಿ ಯಾವಾಗ ತಿರುಗತ್ತೆ?"

ಅವರ ಕೈ ಹಿಡಿದುಕೊಂಡೆ.