ಎರಡನೇ ಸಾಕ್ಷಿ

ನಾನು ಸಿಟಿ ಬಸ್ಸಿನ ಕಂಡಕ್ಟರ್. ಹಿಂದಿನ ಬಾಗಿಲಲ್ಲಿ ನಿಂತು ಒಮ್ಮೆ ಕೂಗಿದರೆ ಮುಂದಿನ ಬಾಗಿಲಿಗೆ ಜೋತುಬಿದ್ದವರೂ ಒಳಗೆ ಸರಿಯುತ್ತಾರೆ. ಅದೇ ಗಂಟಲು ಮನೆಯಲ್ಲೂ ನಡೆಯುತ್ತದೆ ಎಂದು ನಮ್ಮ ಓಣಿಯವರು ದೂರುತ್ತಾರೆ. ದೂರಲಿ ಬಿಡಿ. ಕೆಲಸ ಮುಗಿದ ಮೇಲೆ ಟಿಕೆಟ್ ಯಂತ್ರವನ್ನು ಡಿಪೋದಲ್ಲಿ ಒಪ್ಪಿಸಿ ಬರಬಹುದು, ಗಂಟಲನ್ನು ಒಪ್ಪಿಸಿ ಬರಲಾಗುತ್ತದೆಯೇ? ಚರ್ಚಿನ ಸಂಡೇ ಸ್ಕೂಲಿನಲ್ಲಿ ಮಕ್ಕಳಿಗೆ ಪಾಠ ಹೇಳುವುದೂ ಇದೇ ಗಂಟಲಿನಲ್ಲಿ. ಆ ಮಕ್ಕಳು ಬೆಳೆದು ಮೀಸೆ ಬಂದ ಮೇಲೂ ರಸ್ತೆಯಲ್ಲಿ ನನ್ನನ್ನು ಕಂಡರೆ ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಾರೆ.

ನಮ್ಮ ಚರ್ಚಿನ ಸಭೆಯಲ್ಲಿ ವರ್ಷಕ್ಕೊಂದು ದಿನ ಯುವಜನರ ಭಾನುವಾರ. ಹೆಸರಿಗೆ ಯುವಜನರದ್ದು, ನಡೆಸುವವರು ನಿವೃತ್ತ ಹೆಡ್‌ಮಾಸ್ತರರು. ಪರೀಕ್ಷೆಯಲ್ಲಿ ಹೆಚ್ಚು ಅಂಕ ತೆಗೆದವರನ್ನು ಅವರು ಮುಂದಕ್ಕೆ ಕರೆದು ಕೊರಳಿಗೆ ಪದಕ ಹಾಕುತ್ತಾರೆ. ಉಳಿದ ಹುಡುಗ ಹುಡುಗಿಯರು ಬೆಂಚಿನಲ್ಲಿ ಕುಳಿತು ಚಪ್ಪಾಳೆ ತಟ್ಟುತ್ತಾರೆ. ಹೋದ ವರ್ಷ ಹಾಗೆ ತಟ್ಟಿದವರಲ್ಲಿ ನನ್ನ ಮಗಳೂ ಇದ್ದಳು. ಆ ವರ್ಷ ಅವಳು ಫೇಲಾಗಿದ್ದಳು. ಸಣ್ಣವಳಿದ್ದಾಗಿನಿಂದಲೂ ಬಿಮ್ಮನೆ ಕೂರುತ್ತಾಳೆಂದು ಚರ್ಚಿನ ಮಕ್ಕಳು ಅವಳನ್ನು ಬಿಮ್ಮಿ ಎನ್ನುತ್ತಾರೆ. ಕೊನೆಯ ಪದಕದವರೆಗೂ ಬಿಮ್ಮಿ ಚಪ್ಪಾಳೆ ನಿಲ್ಲಿಸಲಿಲ್ಲ. ಮನೆಗೆ ಬಂದು ಚಪ್ಪಲಿ ಬಿಡುತ್ತಾ ಹೇಳಿದಳು:

“ಮುಂದಿನ ವರ್ಷ ಆ ದಿನ ನಾನು ಬರಲ್ಲಮ್ಮ. ಹೋಗ್ತಾ ಹೋಗ್ತಾ ಬೇರೆ ದಿನಾನೂ ಬರಲ್ವೇನೋ.”

ನಾನು ಬೈದೆ. ಪಕ್ಕದ ಮನೆಯ ಬೆಕ್ಕು ಗೋಡೆಯಿಂದ ಇಳಿದು ಓಡುವಷ್ಟು ಬೈದೆ. ಆದರೆ ಅವಳು ಕೆಲಸ ಮಾಡುವ ಆಸ್ಪತ್ರೆ ಲಾಂಡ್ರಿಯಲ್ಲಿ ಭಾನುವಾರದ ಪಾಳಿ ಕೇಳಿ ಪಡೆಯತೊಡಗಿದಳು. ಮೊದಲು ತಿಂಗಳಿಗೊಂದು, ಆಮೇಲೆ ಎರಡು, ಆಮೇಲೆ ಎಲ್ಲ. ಅವಳ ಹಿಂದೆಯೇ ಗ್ಯಾರೇಜಿನ ಹುಡುಗ ಚರ್ಚಿಗೆ ಬರುವುದು ಬಿಟ್ಟ, ಪೇಪರ್ ಹಾಕುವವನು ಬಿಟ್ಟ, ಅಂಗಡಿಯಲ್ಲಿ ಬಿಲ್ ಮಾಡುವ ಹುಡುಗಿ ಬಿಟ್ಟಳು. ಚರ್ಚಿನ ಕೊನೆಯ ಎರಡು ಬೆಂಚು ಖಾಲಿಯಾದವು. ಇವರೆಲ್ಲ ನಾನು ಪಾಠ ಹೇಳಿದ ಮಕ್ಕಳು. ಮಕ್ಕಳು ಮನೆ ಬಿಟ್ಟು ಹೋಗುತ್ತಿದ್ದರೆ ಬಾಗಿಲು ಹಿಡಿದು ನಿಂತು ನೋಡುವ ಜಾತಿಯವಳಲ್ಲ ನಾನು.

ಈ ವರ್ಷದ ಏರ್ಪಾಡಿಗೆ ಸೇರಿದ ಸಭೆಯಲ್ಲಿ ಕುರ್ಚಿ ಸರಿಸಿ ಎದ್ದು ನಿಂತೆ.

“ಈ ಸಲ ಪದಕ ಬೇಡ. ಸಭೆಯ ಪ್ರತಿಯೊಬ್ಬ ಹುಡುಗ, ಪ್ರತಿಯೊಬ್ಬ ಹುಡುಗೀನ ಮುಂದಕ್ಕೆ ಕರೀಬೇಕು. ಒಬ್ಬೊಬ್ಬರ ಬಗ್ಗೆ ಒಂದೊಂದು ಒಳ್ಳೆ ಮಾತು ಹೇಳಬೇಕು.”

ಹೆಡ್‌ಮಾಸ್ತರರು ಕನ್ನಡಕ ಕೆಳಗಿಳಿಸಿದರು. “ಫೇಲಾದವರನ್ನ ಕರೆದು ಏನು ಹೇಳ್ತೀರಿ, ಕಂಡಕ್ಟರಮ್ಮ? ಚರ್ಚಲ್ಲಿ ನಿಂತು ಸುಳ್ಳು ಹೇಳ್ತೀರಾ?”

“ಸುಳ್ಳು ಯಾಕೆ ಹೇಳ್ಲಿ ಮಾಸ್ತರೇ? ನಿಜ ಹುಡುಕ್ತೀನಿ.”

ಪಾಸ್ಟರ್ ನಮ್ಮಿಬ್ಬರ ಮುಖವನ್ನೂ ನೋಡಿದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಮನುಷ್ಯ ಅವರು. “ಒಬ್ಬರ ಸಾಕ್ಷಿ ಸಾಲದು, ಇಬ್ಬರು ಬೇಕು ಅನ್ನೋದು ನಮ್ಮಲ್ಲಿ ಹಳೇ ನಿಯಮ. ಪ್ರತಿ ಮಾತಿಗೂ ಕಣ್ಣಾರೆ ಕಂಡ ಇಬ್ಬರು ಸಾಕ್ಷಿ ಆ ದಿನ ಎದ್ದು ನಿಲ್ಲಲಿ. ಆಗ ಯಾರೂ ಆಕ್ಷೇಪ ಮಾಡೋಕಾಗಲ್ಲ” ಎಂದರು.

“ಹೆತ್ತವರ ಸಾಕ್ಷಿ ಲೆಕ್ಕಕ್ಕಿಲ್ಲ” ಎಂದರು ಹೆಡ್‌ಮಾಸ್ತರರು. “ಹೆತ್ತವರಿಗೆ ಹೆಗ್ಗಣ ಮುದ್ದು.”

“ಆಗಲಿ. ಆದ್ರೆ ಮಾರ್ಕ್ಸೂ ಲೆಕ್ಕಕ್ಕಿಲ್ಲ. ಫಸ್ಟ್ ಬಂದವರ ಬಗ್ಗೇನೂ ಬೇರೆ ಮಾತು ಹುಡುಕಬೇಕು. ನಿಮ್ಮ ಮೊಮ್ಮಗಳದು ನೀವೇ ಹುಡುಕ್ರಿ.”

ಮೊಮ್ಮಗಳ ಕೊರಳಿಗೆ ಅವರೇ ಪದಕ ಹಾಕಿದ್ದರು. ಈಗ ಅವರು ಕನ್ನಡಕವನ್ನು ಮತ್ತೆ ಮೇಲಕ್ಕೇರಿಸಿಕೊಂಡರು. ಮುಂದಿನ ವಾರ ನಮ್ಮ ಬಸ್ಸು ಹತ್ತಿದಾಗ ನನ್ನ ಪಕ್ಕದ ಕಂಬ ಹಿಡಿದು ಮೆಲ್ಲಗೆ ಕೇಳಿದರು: “ಆ ಹುಡುಗಿ ಮಾರ್ಕ್ಸ್ ಬಿಟ್ಟು ಮತ್ತೇನು ಮಾಡ್ತಾಳೋ ನಂಗೇ ಗೊತ್ತಿಲ್ವಲ್ರೀ. ಹೇಗೆ ಹುಡುಕ್ತಿದೀರಿ ನೀವು?”

“ಕೇಳ್ತೀನಿ, ಅಷ್ಟೇ. ಅವರು ಕೆಲಸ ಮಾಡೋ ಕಡೆ ಹೋಗಿ ಕೇಳ್ತೀನಿ.”

ಹಾಗೆಯೇ ಮಾಡಿದೆ. ರಜೆ ಸಿಕ್ಕ ದಿನವೆಲ್ಲ ಕಾಲಿಗೆ ಚಕ್ರ ಕಟ್ಟಿಕೊಂಡು ತಿರುಗಿದೆ. ಗ್ಯಾರೇಜಿನ ಯಜಮಾನ ಮೊದಲು ನನ್ನನ್ನು ನೋಡಿ, ಹುಡುಗ ಏನೋ ಕದ್ದಿದ್ದಾನೆಂದು ತಿಳಿದ. ವಿಷಯ ಗೊತ್ತಾದ ಮೇಲೆ ಗ್ರೀಸ್ ಹತ್ತಿದ ಕೈಯಿಂದಲೇ ತಲೆ ಕೆರೆದುಕೊಂಡು, “ನಿಧಾನ ಅಂತ ಬೈತಿರ್ತೀನಿ ಅವನಿಗೆ. ಆದ್ರೆ ಬ್ರೇಕ್ ಎರಡನೇ ಸಲ ನೋಡದೆ ಗಾಡಿ ಬಿಟ್ಟುಕೊಡೋನಲ್ಲ. ಎಷ್ಟು ಬೈದರೂ ಕೊಡಲ್ಲ” ಎಂದ. ಪೇಪರ್ ಹಾಕುವವನು ಕಣ್ಣು ಕಾಣದ ಒಬ್ಬ ಮುದುಕರಿಗೆ ಬಾಗಿಲಲ್ಲೇ ನಿಂತು ತಲೆಬರಹ ಓದಿ ಹೋಗುತ್ತಾನೆಂದು ತಿಳಿಯಿತು. ಬಿಲ್ ಮಾಡುವ ಹುಡುಗಿಯ ಬಗ್ಗೆ ಮೂರು ಗಿರಾಕಿಗಳು ಸಾಕ್ಷಿ ಹೇಳಲು ಜಗಳಕ್ಕೇ ಬಿದ್ದರು. ಒಳ್ಳೆಯ ಮಾತು ಎಲ್ಲೆಡೆಯೂ ಇತ್ತು. ಕೇಳುವವರು ಇರಲಿಲ್ಲ, ಅಷ್ಟೇ. ನನಗೆ ಸಂತೋಷವೂ ಆಯಿತು, ಸಿಟ್ಟೂ ಬಂತು.

ಬಿಮ್ಮಿಯ ಸರದಿ ಮಾತ್ರ ಉಳಿಯಿತು. ಮನೆಯಲ್ಲಿ ಇರುವುದು ನಾವಿಬ್ಬರೇ. ಊಟದ ಹೊತ್ತಿನಲ್ಲಿ ಅವಳೇ ವಿಷಯ ತೆಗೆದಳು.

“ಎಲ್ಲರನ್ನೂ ಕರೀತೀಯಂತೆ. ನನ್ನ ಬಗ್ಗೆ ಒಂದೇ ಒಂದು ಸುಳ್ಳು ಬಂದ್ರೂ ಎದ್ದು ಹೋಗ್ತೀನಿ ನೋಡು. ಹೋದ್ರೆ ಮತ್ತೆ ಆ ಮೆಟ್ಟಿಲು ಹತ್ತಲ್ಲ.”

“ಅಂದ್ರೆ ಆವತ್ತು ಬರ್ತೀಯಾ ಅಂತಾಯ್ತು.”

“ಬರ್ತೀನಿ. ಒಳ್ಳೆ ಹುಡುಗಿ, ದೈವಭಕ್ತೆ, ಅಂತೆಲ್ಲ ಶಾಲು ಹೊದಿಸಿ ಕೂರಿಸಬೇಡ. ಕನಿಕರ ನಂಗೆ ಬೇಡ.”

ಮಾರನೆಯ ದಿನ ಆಸ್ಪತ್ರೆಯ ಹಿಂಭಾಗದ ಲಾಂಡ್ರಿಗೆ ಹೋದೆ. ಅವಳು ಕೆಲಸಕ್ಕೆ ಸೇರಿ ವರ್ಷ ಕಳೆದಿದ್ದರೂ ನಾನು ಒಳಗೆ ಕಾಲಿಟ್ಟಿರಲಿಲ್ಲ. ಬಾಗಿಲು ತೆರೆದರೆ ಮುಖಕ್ಕೆ ಹಬೆ. ಹಾಸಿಗೆಯಷ್ಟು ಅಗಲದ ಬಿಸಿ ಉರುಳೆಗಳ ನಡುವೆ ಒದ್ದೆ ದುಪ್ಪಟಿಗಳನ್ನು ಒಂದು ಕಡೆಯಿಂದ ಕೊಡುತ್ತಾರೆ, ಇಸ್ತ್ರಿಯಾಗಿ ಇನ್ನೊಂದು ಕಡೆ ಬರುತ್ತವೆ, ಅಲ್ಲಿ ಮಡಚುತ್ತಾರೆ. ಬಿಮ್ಮಿಗೆ ಆ ಹೊತ್ತು ಪಾಳಿ ಇರಲಿಲ್ಲ, ಗೊತ್ತಿದ್ದೇ ಹೋಗಿದ್ದೆ. ಅಲ್ಲಿನ ಮೇಸ್ತ್ರಿ ನನಗಿಂತ ಹಿರಿಯ ಹೆಂಗಸು. ಯಂತ್ರಗಳ ಸದ್ದಿನ ಮೇಲೆ ಕೂಗಿ ಮಾತನಾಡುವವಳು, ನನಗೆ ಕೂಡಲೇ ಹಿಡಿಸಿದಳು.

“ನಿಮ್ಮ ಮಗಳಾ? ಬಟ್ಟೆ ಕೊಡೋ ಕಡೆ ಕೈ ಸುಡುತ್ತೆ ನೋಡಿ, ಅಲ್ಲಿಗೆ ಯಾರೂ ಬಯಸಿ ನಿಲ್ಲಲ್ಲ. ದಿನಾ ಸರದಿ ಬದಲಾಗಬೇಕು. ಹೊಸ ಹುಡುಗಿ ಒಬ್ಬಳು ಕೈ ಸುಟ್ಕೊಂಡು ಅತ್ತಳು. ಆವತ್ತಿಂದ ಹೊಸಬರು ಯಾರು ಬಂದ್ರೂ ಅವರ ಸರದೀಲಿ ನಿಮ್ಮ ಮಗಳು ಬಂದು ನಿಲ್ತಾಳೆ. ‘ನೀನು ಮಡಚೋ ಕಡೆ ಹೋಗು, ಕೈ ಕುದುರಲಿ’ ಅಂತಾಳೆ. ನಾನು ಹೇಳಿದ್ದಲ್ಲ, ಯಾರೂ ಹೇಳಿದ್ದಲ್ಲ.”

ಅವತ್ತು ರಾತ್ರಿ ಮಗಳ ಮುಂಗೈ ನೋಡಿದೆ. ಸಣ್ಣ ಸಣ್ಣ ಗುರುತುಗಳಿದ್ದವು. ಏನಾದರೂ ಒಳ್ಳೆಯದು ಹೇಳಬೇಕೆಂದು ಬಾಯಿ ತೆರೆದರೆ, “ತುಂಬು ತೋಳಿನ ಅಂಗಿ ಹಾಕ್ಕೊಂಡು ಹೋಗೋಕೆ ನಿಂಗೇನು ದಾಡಿ?” ಎಂಬುದೇ ಬಂತು. ಅವಳು ತಟ್ಟೆ ತೊಳೆಯಲು ಎದ್ದಳು.

ಮೇಸ್ತ್ರಿ ಬರುತ್ತೇನೆಂದಳು. ಕೈ ಸುಟ್ಟುಕೊಂಡಿದ್ದ ಹೊಸ ಹುಡುಗಿಯೂ ಒಪ್ಪಿದಳು. ಇಬ್ಬರು ಸಾಕ್ಷಿ, ಇಬ್ಬರೂ ಕಣ್ಣಾರೆ ಕಂಡವರು. ನಾನು ನಿಶ್ಚಿಂತಳಾದೆ.

ಆ ಭಾನುವಾರ ಚರ್ಚು ತುಂಬಿತು. ಗ್ರೀಸ್ ತೊಳೆದುಕೊಂಡು ಬಂದ ಗ್ಯಾರೇಜ್ ಯಜಮಾನ ಎಲ್ಲಿ ಕೂರಬೇಕೆಂದು ತಿಳಿಯದೆ ಹೆಂಗಸರ ಮಧ್ಯೆ ಕುಳಿತಿದ್ದ. ಕಣ್ಣು ಕಾಣದ ಮುದುಕರು ಮೊದಲ ಬೆಂಚಿನಲ್ಲಿದ್ದರು. ಹಿಂದಿನ ಬೆಂಚಿನ ತುದಿಯಲ್ಲಿ, ಬಾಗಿಲ ಪಕ್ಕ, ಬಿಮ್ಮಿ. ನಾನು ಮೈಕ್ ಇಲ್ಲದೆಯೇ ಒಬ್ಬೊಬ್ಬರನ್ನು ಕರೆದೆ. ಮಾತು ಹೇಳಿದೆ, ಸಾಕ್ಷಿಗಳು ಎದ್ದು “ಹೌದು, ನಾನು ನೋಡಿದೀನಿ” ಎಂದರು. ತನ್ನ ಹೆಸರು ಕರೆದಾಗ ಗ್ಯಾರೇಜಿನ ಹುಡುಗ ಕಿವಿಯವರೆಗೂ ಕೆಂಪಾದ. ಹೆಡ್‌ಮಾಸ್ತರರ ಮೊಮ್ಮಗಳು ಓಣಿಯ ಅಜ್ಜಿಯರಿಗೆ ಫೋನ್ ಬಳಸಲು ಬೇಸರವಿಲ್ಲದೆ ಕಲಿಸುತ್ತಾಳೆ ಎಂದಾಗ ಇಬ್ಬರಲ್ಲ, ಒಂದು ಬೆಂಚಿನ ಅಜ್ಜಿಯರೇ ಎದ್ದರು. ಮಾಸ್ತರರು ಕರ್ಚೀಫು ತೆಗೆದು ಕನ್ನಡಕ ಒರೆಸಿಕೊಂಡರು.

ಕೊನೆಗೆ ನನ್ನ ಮಗಳ ಸರದಿ. ಮಾತು ಹೇಳಿದೆ: ಕಷ್ಟದ ಜಾಗದಲ್ಲಿ ತಾನು ನಿಂತು ಬೇರೆಯವರನ್ನು ಪಕ್ಕಕ್ಕೆ ಕಳಿಸುವವಳು. ಮೇಸ್ತ್ರಿ ಎದ್ದು ನಿಂತು ಲಾಂಡ್ರಿಯ ವಿಷಯ ಹೇಳಿದಳು. ಹೇಳಿ ಕೂರುವ ಮೊದಲು ನನ್ನ ಕಡೆ ತಿರುಗಿ, “ಆ ಹೊಸ ಹುಡುಗಿಗೆ ಬರೋಕಾಗಲಿಲ್ಲ. ಬೆಳಿಗ್ಗೆ ಒಂದು ಯಂತ್ರ ಕೆಟ್ಟು ನಿಂತಿದೆ. ಅವಳನ್ನ ಬಿಡಲಿಲ್ಲ” ಎಂದಳು.

ನಾನು ಬಿಮ್ಮಿಯ ಕಡೆ ನೋಡಿದೆ.

“ಎರಡನೇ ಸಾಕ್ಷಿ?” ಎಂದರು ಪಾಸ್ಟರ್, ಬಹಳ ಸಂಕೋಚದಿಂದ.

ಎದುರು ಬೆಂಚಿನಿಂದ ಒಬ್ಬರು ಹಿರಿಯಕ್ಕ ಎದ್ದರು. “ಅಯ್ಯೋ, ನಾನಿದೀನಿ ಬಿಡಿ. ಒಳ್ಳೆ ಹುಡುಗಿ, ನಮಗೆಲ್ಲ ಗೊತ್ತಿಲ್ವಾ!”

ಬಿಮ್ಮಿ ಎದ್ದು ನಿಂತಳು. ಬಾಗಿಲು ಅವಳಿಗೆ ಒಂದೇ ಹೆಜ್ಜೆ.

“ಕೂತ್ಕೊಳ್ಳಿ ಅಕ್ಕ” ಎಂದೆ ನಾನು. “ನಿಮ್ಮ ಮನಸ್ಸು ದೊಡ್ಡದು. ಆದ್ರೆ ನೀವು ನೋಡಿಲ್ಲ. ನೋಡದೇ ಇರೋರ ಮಾತು ನನ್ನ ಮಗಳಿಗೆ ಬೇಡ. ಬೇರೆ ಮಕ್ಕಳಿಗೆಲ್ಲ ಇಬ್ಬಿಬ್ಬರು ನಿಂತಿದಾರೆ. ಇವಳಿಗೆ ಒಬ್ಬರೇ ಸಿಕ್ಕಿದ್ರೆ, ಇವಳ ಮಾತು ಇವತ್ತು ಹೇಳಲಿಲ್ಲ ಅಂತ ಬರ್ಕೊಳ್ಳಿ. ಮುಂದಿನ ಭಾನುವಾರ ಆ ಹುಡುಗೀನ ನಾನೇ ಕರ್ಕೊಂಡು ಬರ್ತೀನಿ. ಅದೂ ಆಗದಿದ್ರೆ ಅದರ ಮುಂದಿನ ವಾರ. ಬಿಡೋಳಲ್ಲ ನಾನು.”

ಹೇಳುವಾಗ ಧ್ವನಿ ಗಟ್ಟಿಯಾಗಿಯೇ ಇತ್ತು. ಬಿಮ್ಮಿಯ ಕೈ ಬಾಗಿಲ ಮೇಲಿತ್ತು. ಈಗ ಹೊರಗೆ ಹೋದರೆ ಅವಳಿಗೆ ಮುಂದಿನ ವಾರ ಎಂಬುದು ಇಲ್ಲ ಎಂದು ನಮ್ಮಿಬ್ಬರಿಗೂ ಗೊತ್ತಿತ್ತು.

ಆಗ ಹೆಡ್‌ಮಾಸ್ತರರು ಎದ್ದರು.

“ಒಂದು ನಿಮಿಷ. ಹೆತ್ತವರ ಸಾಕ್ಷಿ ಬೇಡ ಅಂದವನು ನಾನು. ಹೊಗಳೋ ತಾಯಿತಂದೆ ಬಗ್ಗೆ ಆ ಮಾತು ಹೇಳಿದ್ದು. ಈಯಮ್ಮ ಮಗಳನ್ನ ಹೊಗಳಿದ್ದು ಇಲ್ಲಿ ಯಾರಾದ್ರೂ ಕೇಳಿದೀರಾ?”

ಒಂದು ಕೈಯೂ ಮೇಲೇಳಲಿಲ್ಲ.

“ಬೈದದ್ದು ಕೇಳಿದವರು?”

ಸಭೆಗೆ ಸಭೆಯೇ ಗೊಳ್ಳೆಂದು ನಕ್ಕಿತು. “ಕಿಟಕಿ ಮುಚ್ಚಿದ್ರೂ ಕೇಳುತ್ತೆ ಮಾಸ್ತರೇ” ಎಂದಳು ನಮ್ಮ ಮೂರನೇ ಮನೆಯವಳು.

“ಹಾಗಾದ್ರೆ ಇಷ್ಟು ವರ್ಷ ಬರೀ ಬೈದ ಬಾಯಿಂದ ಒಂದು ಒಳ್ಳೆ ಮಾತು ಬಂದ್ರೆ, ಅದಕ್ಕಿಂತ ಗಟ್ಟಿ ಸಾಕ್ಷಿ ಯಾವ ಕೋರ್ಟಲ್ಲಿ ಸಿಗುತ್ತೆ? ಪಾಸ್ಟರೇ, ನನ್ನ ಆಕ್ಷೇಪಣೆ ವಾಪಸ್. ಹೇಳಿ ಕಂಡಕ್ಟರಮ್ಮ. ನೀವು ಕಣ್ಣಾರೆ ಏನು ನೋಡಿದೀರಿ?”

ನಗು ನಿಂತಿತು. ಎಲ್ಲರೂ ನನ್ನ ಕಡೆ ನೋಡಿದರು. ತುಂಬಿದ ಬಸ್ಸಿನಲ್ಲಿ ನೂರು ಜನರ ಮೇಲೆ ಕೂಗುವವಳು ನಾನು.

“ರಿಸಲ್ಟ್ ಬಂದ ದಿನ...” ಎಂದೆ. ನಿಲ್ಲಿಸಿದೆ. ಮತ್ತೆ ಹೇಳಿದೆ. “ರಿಸಲ್ಟ್ ಬಂದ ದಿನ ಮುಸುಕು ಹೊದ್ದು ಮಲಗಿದೋಳು ನಾನು. ಅವಳಲ್ಲ. ಅವಳು ಅಡುಗೆ ಮಾಡಿದ್ಲು. ನಂಗೆ ಬಡಿಸಿದ್ಲು. ನನ್ನ ಯೂನಿಫಾರ್ಮು ಒಗೆದು ಹಾಕಿದ್ಲು. ಬೆಳಿಗ್ಗೆ ನಾನು ಏಳೋ ಹೊತ್ತಿಗೆ ಕೆಲಸ ಕೇಳ್ಕೊಂಡು ಹೋಗಿಯಾಗಿತ್ತು. ಫೇಲಾಗಿದ್ದು ಅವಳು, ಸಮಾಧಾನ ಮಾಡಿಸ್ಕೊಂಡಿದ್ದು ನಾನು. ನಾನು ಅಷ್ಟು ಗಟ್ಟಿಯವಳಲ್ಲ. ನನ್ನ ಮಗಳು ನನಗಿಂತ ಗಟ್ಟಿ. ಇದು ನಾನು ನೋಡಿದ್ದು.”

ಕೊನೆಯ ಮಾತುಗಳು ನನ್ನ ಕಿವಿಗೇ ಸರಿಯಾಗಿ ಬೀಳಲಿಲ್ಲ.

ಬಾಗಿಲ ಹತ್ತಿರದಿಂದ ಬಿಮ್ಮಿ, “ಕೇಳಿಸ್ಲಿಲ್ಲ” ಎಂದಳು.

ನಾನು ಗಂಟಲು ಸರಿಮಾಡಿಕೊಂಡೆ. ಆಗಲಿಲ್ಲ. ಅವಳು ಬಾಗಿಲು ಬಿಟ್ಟು ಬೆಂಚುಗಳ ನಡುವೆ ನಡೆದು ಬಂದಳು. ಯಾರ ಮುಖವನ್ನೂ ನೋಡಲಿಲ್ಲ. ಗ್ಯಾರೇಜಿನ ಹುಡುಗ ಪಕ್ಕಕ್ಕೆ ಸರಿದು ಜಾಗ ಬಿಟ್ಟ. ನನ್ನ ಎದುರಿಗೆ, ಕೈ ಚಾಚಿದರೆ ಸಿಗುವಷ್ಟು ಹತ್ತಿರ ಬಂದು ನಿಂತಳು.

“ಈಗ ಹೇಳಮ್ಮ. ಮೊದಲಿಂದ ಹೇಳು.”

ಹೇಳಿದೆ.