ಕಪ್ಪು ಹುಬ್ಬಿನ ಹಕ್ಕಿ

ಥೋರಾಳ ಅಪ್ಪ ಉತ್ತರ ಸಮುದ್ರದ ಶೆಟ್ಲೆಂಡ್ ದ್ವೀಪಗಳ ಎಷ್ಟೋ ಗಂಡಸರಂತೆ ತಿಮಿಂಗಿಲ ಬೇಟೆಯ ಹಡಗಿನಲ್ಲಿ ದಕ್ಷಿಣದ ಸಮುದ್ರಕ್ಕೆ ಹೋಗಿಬರುತ್ತಿದ್ದ. ಬಂದಾಗಲೆಲ್ಲ ಆಲ್ಬಟ್ರಾಸ್ ಎಂಬ ದೊಡ್ಡ ರೆಕ್ಕೆಯ ಕಡಲಹಕ್ಕಿಯದೇ ಮಾತು. ಅಂಥ ಹಕ್ಕಿಯನ್ನು ಒಮ್ಮೆಯಾದರೂ ನೋಡಬೇಕೆಂದು ಥೋರಾಳಿಗೆ ಚಿಕ್ಕಂದಿನಿಂದ ಆಸೆ. ಆದರೆ ಅದು ಉತ್ತರದ ಕಡೆ ಬರುವುದು ತೀರಾ ಅಪರೂಪ. ಹಾಗಾಗಿ ಜೂನ್ ತಿಂಗಳ ಒಂದು ಬೆಳಿಗ್ಗೆ ನಾದಿನಿ ಓಸ್ಲಾ ಕಡಲ ಬಂಡೆಯಂಚಿನಿಂದ ಫೋನ್ ಮಾಡಿ ಆಲ್ಬಟ್ರಾಸ್ ಬಂದಿದೆ ಎಂದು ಕಿರುಚಿದಾಗ, ಎಪ್ಪತ್ತು ದಾಟಿದ ಥೋರಾ ನಂಬಲಿಲ್ಲ.

"ಗ್ಯಾನೆಟ್ ನೋಡಿರ್ತೀಯ, ಅದೂ ದೊಡ್ಡ ಬಿಳೀ ಕಡಲಹಕ್ಕೀನೇ. ಕನ್ನಡಕ ಹಾಕ್ಕೊಂಡಿದ್ದೀಯೇನೇ?"

"ಗ್ಯಾನೆಟ್‌ಗೆ ಹುಬ್ಬಿರುತ್ತಾ? ಇದಕ್ಕೆ ಕಾಡಿಗೆ ತೀಡಿದ ಹಾಗೆ ಕಪ್ಪು ಹುಬ್ಬಿದೆ ಮಾರಾಯ್ತಿ! ಬೇಗ ಬಾ!"

ಥೋರಾ ಒಲೆ ಆರಿಸಿ, ಬೂಟು ಮೆಟ್ಟಿ, ದುರ್ಬೀನು ಕೊರಳಿಗೆ ಹಾಕಿಕೊಂಡು ಏದುಸಿರು ಬಿಡುತ್ತ ಬಂದಳು. ಕೆಳಗೆ ಪ್ರಪಾತದ ಗೋಡೆಯ ತುಂಬ ಗ್ಯಾನೆಟ್‌ಗಳ ಗದ್ದಲ, ಮೂಗಿಗಡರುವ ಹಿಕ್ಕೆಯ ವಾಸನೆ. ಓಸ್ಲಾ ತೋರಿಸಿದ ಕಡೆ ಚಾಚಿಕೊಂಡ ಬಂಡೆಯ ಮರೆಯಿಂದ ಒಂದು ಕಪ್ಪು ರೆಕ್ಕೆಯ ತುದಿ ಮಾತ್ರ ಇಣುಕುತ್ತಿತ್ತು. ಥೋರಾ ಬೇಲಿಯ ತಂತಿಯ ಮೇಲೆ ಕಾಲೆತ್ತಿದ್ದೇ ತಡ, ಓಸ್ಲಾ ಅವಳ ಕೋಟು ಹಿಡಿದು ಜಗ್ಗಿದಳು.

"ದಾಟಬೇಡ! ಅಲ್ಲೆಲ್ಲ ಪಫಿನ್ ಹಕ್ಕಿಗಳು ಬಿಲ ಕೊರೆದಿವೆ. ಹುಲ್ಲಿನ ಕೆಳಗೆ ಬರೀ ಪೊಳ್ಳು."

"ಒಂದೇ ಒಂದು ಸಲ ಬಗ್ಗಿ ನೋಡ್ತೀನಿ ಕಣೇ."

"ಬಗ್ಗಿದ್ರೆ ಹಕ್ಕಿಗಿಂತ ಮೊದ್ಲು ನೀನೇ ಹಾರ್ತೀಯ. ಗಾಳಿ ಬೆನ್ನಿಂದ ಹ್ಯಾಗೆ ನೂಕ್ತಿದೆ ನೋಡು. ಸುತ್ತು ಹಾಕಿ ಎದುರಿನ ದಿಬ್ಬಕ್ಕೆ ಹೋಗೋಣ, ಅಲ್ಲಿಂದ ನೇರ ಕಾಣುತ್ತೆ."

"ಅಷ್ಟರಲ್ಲಿ ಹಾರಿಹೋದ್ರೆ?"

"ನನ್ನನ್ನ ಬೈಕೋ. ಬದುಕಿದ್ದು ಬೈಕೋ!"

ಥೋರಾಳಿಗೆ ಸಿಟ್ಟೂ ಬಂತು, ನಗುವೂ ಬಂತು. ಕಾಲನ್ನು ಹಿಂದಕ್ಕೆ ತೆಗೆದುಕೊಂಡಳು. ಸಮುದ್ರ ಒಳನುಗ್ಗಿದ ಸೀಳನ್ನು ಬಳಸಿಕೊಂಡು ಇಬ್ಬರೂ ಕೈ ಕೈ ಹಿಡಿದು ಕಾಲುದಾರಿಯಲ್ಲೇ ದಾಪುಗಾಲು ಹಾಕಿದರು. ದಾರಿಯಲ್ಲಿ ಸ್ಕುವಾ ಹಕ್ಕಿಯೊಂದು ಮರಿಗಳ ರಕ್ಷಣೆಗೆಂದು ಅವರ ತಲೆಯ ಮೇಲೇ ಎರಗಿತು. ಓಸ್ಲಾ ತನ್ನ ಊರುಗೋಲನ್ನು ನೆತ್ತಿಯ ಮೇಲೆತ್ತಿ ಹಿಡಿದು, "ನಿನ್ನ ಮರಿ ಯಾರಿಗೆ ಬೇಕೋ ದರಿದ್ರವೇ!" ಎಂದು ಬೈಯುತ್ತಲೇ ನಡೆದಳು.

ಎದುರಿನ ದಿಬ್ಬದ ಮೇಲೆ, ಅಂಚಿನಿಂದ ಸಾಕಷ್ಟು ಹಿಂದೆ, ಬಂಡೆಗೆ ಬೆನ್ನು ಕೊಟ್ಟು ಕೂತು ಥೋರಾ ದುರ್ಬೀನು ಕಣ್ಣಿಗಿಟ್ಟಳು. ಹಕ್ಕಿ ಕೂತಿದ್ದ ಜಾಗ ಖಾಲಿ.

"ಹೋಯ್ತು," ಎಂದಳು.

ಅಷ್ಟರಲ್ಲಿ ಕೆಳಗಿನಿಂದ ಗಾಳಿಯನ್ನೇರಿ ಅದು ಮೇಲೆ ಬಂತು. ಅಗಲವಾದ ರೆಕ್ಕೆಗಳು ಒಮ್ಮೆಯೂ ಅಲುಗಲಿಲ್ಲ. ಕಣ್ಣಿನ ಮಟ್ಟಕ್ಕೇ ಬಂದು, ಕುತ್ತಿಗೆ ಹೊರಳಿಸಿ ಇವರಿಬ್ಬರನ್ನೂ ನೋಡಿ, ಸುತ್ತಿಕೊಂಡು ಮತ್ತೆ ಬಂತು. ಥೋರಾ ದುರ್ಬೀನನ್ನು ಎದೆಯ ಮೇಲೆ ಇಳಿಬಿಟ್ಟಳು. ಅದರ ಅಗತ್ಯವೇ ಇರಲಿಲ್ಲ.

"ಓಸ್ಲಾ! ಅಯ್ಯೋ ಓಸ್ಲಾ!" ಎನ್ನುತ್ತ ಅವಳ ತೋಳು ಹಿಡಿದು ಕುಲುಕಿದಳು.

"ದುರ್ಬೀನು ನನಗಾದ್ರೂ ಕೊಡೇ!"

"ನೀನು ಆಗ್ಲೇ ನೋಡಿದ್ದೀಯಲ್ಲ, ಸುಮ್ನೆ ಕೂತ್ಕೋ!"

ಹಕ್ಕಿ ಗ್ಯಾನೆಟ್‌ಗಳ ನಡುವೆ ಧೊಪ್ಪನೆ ಇಳಿಯಿತು. ಪಕ್ಕದ ಗ್ಯಾನೆಟ್ ಕೊಕ್ಕಿನಿಂದ ಕುಕ್ಕಿತು. ಇದೂ ತಿರುಗಿ ಕುಕ್ಕಿ, ಜಾಗ ಮಾಡಿಕೊಂಡು ಕೂತಿತು. ಹೆಂಗಸರಿಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.