ಜವಳಿನ ಬಂದೋಬಸ್ತು

ಸರಕಾರಿ ಕೆಲಸ ಲಗೂ ಆಗುವುದಿಲ್ಲ ಎಂದು ಊರೆಲ್ಲ ಬಡಕೊಳ್ಳುತ್ತದೆ. ನನ್ನ ಕೆಲಸ ವಾರದೊಳಗೆ ಆಯಿತು. ಆ ಸಿಟ್ಟು ಇನ್ನೂ ಇಳಿದಿಲ್ಲ.

ಹುಬ್ಬಳ್ಳಿಯಿಂದ ನವಲಗುಂದದ ಕಡೆ ಹೋಗುವಾಗ, ಕಾಲುವೆಯ ಮಗ್ಗುಲಲ್ಲಿ ಅಪ್ಪ ನನಗೆ ಬಿಟ್ಟುಹೋದ ಒಂದು ತುಂಡು ಎರೆಹೊಲವಿದೆ. ಕಾಲುವೆ ಸೋರಿ ಸೋರಿ, ನಾನು ಸಾಲಿ ಕಲಿಯುವಾಗಲೇ ಅದು ಜವಳಾಗಿತ್ತು. ಜವಳು ಅಂದರೆ ಗೊತ್ತಲ್ಲ, ನೀರು ಹಿಡಿದು ಕೆಟ್ಟ ಹೊಲ. ಜೋಳ ಬರಲಿಲ್ಲ, ಕಡಲೆ ಬರಲಿಲ್ಲ. ಜೊಂಡು ಬಂತು, ನೈದಿಲೆ ಬಂತು, ಅದರ ಬೆನ್ನಿಗೆ ದೇವನಕ್ಕಿ ಬಂತು. ಉದ್ದ ಬೆರಳು ಊರಿ ತೇಲುವ ಎಲೆಗಳ ಮೇಲೇ ನಡೆದಾಡುವ ಹಕ್ಕಿ ಅದು. ತತ್ತಿ ಇಡುವುದೂ ಎಲೆಯ ಮೇಲೇ, ಕಾವು ಕೊಡುವುದು ಗಂಡು.

ಪಕ್ಕದ ಹೊಲ ಅಪ್ಪನ ತಮ್ಮ ಗುರುಶಿದ್ದಪ್ಪ ಕಾಕಾನದು, ಅದರ ಅಂಚಿಗೂ ಜವಳು ಹತ್ತಿತ್ತು. ಅವನಿಗೆ ಇದನ್ನು ಕಂಡರೆ ಚೇಷ್ಟೆ.

“ಎಲ್ಲಾರೂ ಹತ್ತಿ ಬೆಳೀತಾರ, ನಮ್ಮ ದ್ರಾಕ್ಷಾಯಿಣಿ ಹಕ್ಕಿ ಬೆಳೀತಾಳ. ಹಡದಾಕಿ ತಿರಗಾಡಾಕ ಹೊಂಟಾಳ, ಗಂಡ ಕಾವಿಗೆ ಕುಂತಾನ. ಛಲೋ ಸಂಸಾರ.”

ನಕ್ಕರೂ, ಆಡು ಕಾಯುವವರನ್ನು ಆ ಕಡೆ ಬಿಡುತ್ತಿರಲಿಲ್ಲ.

ಈ ಬೇಸಿಗೆಯಲ್ಲಿ ಕಾಲುವೆಗೆ ಸಿಮೆಂಟು ಬಡಿದರು. ಇನ್ನು ಹನಿ ನೀರೂ ಸೋರುವುದಿಲ್ಲ ಎಂದು ಎಲ್ಲರಿಗೂ ಖುಷಿ. ತಪ್ಪೆಂದು ನಾನೂ ಅನ್ನಲಾರೆ, ಕೊನೆಯ ಹೊಲಗಳಿಗೂ ನೀರು ಮುಟ್ಟಬೇಕು. ಆದರೆ ಶ್ರಾವಣದಲ್ಲಿ, ತತ್ತಿಗಳು ಎಲೆಯ ಮೇಲಿರುವಾಗಲೇ, ನನ್ನ ಜವಳಿನ ನೀರು ಇಳಿಯತೊಡಗಿತು. ನೀರು ಸರಿದರೆ ನಾಯಿ, ಮುಂಗುಸಿ ನಡೆದುಕೊಂಡೇ ಗೂಡಿಗೆ ಹೋಗುತ್ತವೆ. ಮರಿ ಹೊರಬೀಳುವವರೆಗೆ ಒಂದು ಪೈಪಿನ ನೀರು ಬಿಟ್ಟರೆ ಸಾಕಿತ್ತು.

ನಾನು ಧಾರವಾಡದಲ್ಲಿ ಜೀವಶಾಸ್ತ್ರ ಕಲಿಸುವವಳು, ಇರುವುದು ಕೆಲಗೇರಿಯಲ್ಲಿ. ಅಲ್ಲಿಯ ಕೆರೆಗೆ ಕೈ ಮುಗಿಯುವವರಿದ್ದಾರೆ, ದಂಡೆಯ ಮೇಲೆ ವಾಕಿಂಗ್ ಮಾಡುವವರಿದ್ದಾರೆ. ಜವಳಿಗೆ ಯಾರಿದ್ದಾರೆ? ನಾನೇ ನೀರಾವರಿ ಆಫೀಸಿಗೆ ಹೋದೆ. ಕ್ಲಾಸಿನಲ್ಲಿ ‘ಜೌಗು ಪ್ರದೇಶ’ ಎಂದು ಕೊರೆಯುವವಳು, ಅಲ್ಲಿ ಪುಸ್ತಕದ ಮಾತು ಬೇಡ ಎಂದುಕೊಂಡು ಎಲ್ಲರಂತೆ ಮಾತಾಡಿದೆ. ನನ್ನ ನಾಲಿಗೆಗಿಷ್ಟು ಬೆಂಕಿ ಹಾಕ.

“ನಮ್ಮ ಜವಳಿಂದು ಲಗೂನ ಏನರ ಬಂದೋಬಸ್ತ್ ಮಾಡ್ರಿ. ನಿಮ್ಮ ಕಾಲುವಿ ಸಂಬಂಧ ಭಾಳ ತ್ರಾಸ ಆಗೇತಿ.”

ತ್ರ್ಯಂಬಕ ಎಂಬ ಎಂಜಿನಿಯರು ಕುರ್ಚಿ ಕೊಟ್ಟರು, ಚಹಾ ತರಿಸಿದರು.

“ನೀರು ಎಷ್ಟೈತ್ರಿ ಮೇಡಮ್?”

“ಮೊಣಕಾಲಮಟ ಅಷ್ಟ ಐತ್ರಿ.”

“ಇನ್ನೂ ಮೊಣಕಾಲಮಟ? ಛೇ, ಛೇ. ಬೆಳಿ ಏನೂ ಇಲ್ಲೇನ್ರಿ?”

“ಇಲ್ರಿ. ಈ ವಾರದಾಗ ಮಾಡಿದ್ರ ಉಪಕಾರ ಆಗ್ತೈತ್ರಿ.”

“ಚಿಂತಿ ಬಿಡ್ರಿ. ನಮ್ಮ ಜೆಸಿಬಿ ಆ ಕಡೆನ ಐತಿ.”

ನಾನು ಪೈಪಿನ ಮಾತು ಎತ್ತುವಷ್ಟರಲ್ಲಿ ಅವರು ಯಾರಿಗೋ ಫೋನು ಹಚ್ಚಿಯೇ ಬಿಟ್ಟಿದ್ದರು. ಪೈಪು ಹುಗಿಯಲು ನೆಲ ಅಗೆಯಬೇಕಲ್ಲ, ಜೆಸಿಬಿ ಅದಕ್ಕೇ ಎಂದುಕೊಂಡೆ. ಇಂಥವರೂ ಇದ್ದಾರಲ್ಲ ಎಂದು ಮನೆ ಮುಟ್ಟುವತನಕ ಹೊಗಳಿದೆ.

ರವಿವಾರ ಹೋಗಿ ನೋಡಿದರೆ ಜವಳಿನ ನಡುವೆ ಉದ್ದಕ್ಕೆ ಬಸಿಗಾಲುವೆ ತೋಡಿದ್ದರು. ನೀರೆಲ್ಲ ಹಳ್ಳಕ್ಕೆ ಹರಿದುಹೋಗಿತ್ತು. ನೈದಿಲೆ ಎಲೆಗಳು ಕೆಸರಿಗೆ ಅಂಟಿಕೊಂಡಿದ್ದವು. ಬೈಯಬೇಕೆಂದೇ ಎಂಜಿನಿಯರಿಗೆ ಫೋನು ಮಾಡಿದೆ.

“ನೋಡಿದ್ರ್ಯಾ ಮೇಡಮ್? ಒಂದ ಹನಿ ಉಳದಿಲ್ಲ ಅಲ್ರಿ?” ಎಂದರು ತ್ರ್ಯಂಬಕ.

ಅವರ ದನಿಯಲ್ಲಿನ ಸಂತೋಷ ಕೇಳಿ ‘ಹೂಂನ್ರಿ’ ಎಂದು ಫೋನು ಇಟ್ಟೆ. ಬೈಯಲು ಒಬ್ಬ ಕೆಟ್ಟವನಾದರೂ ಬೇಕಲ್ಲ.

ಅಷ್ಟರಲ್ಲಿ ಕಾಕಾ ಬದುವಿನ ಮೇಲಿಂದ ಬಂದ. ಅವನ ಹೊಲದ ನೀರೂ ಬಸಿದಿತ್ತು, ಮುಖ ಅರಳಿತ್ತು.

“ಶಾಬಾಸ್ ನನ್ನವ್ವಾ. ನಾವು ಆ ಆಫೀಸಿಗೆ ಅಡ್ಡಾಡಿ ಚಪ್ಪಲಿ ಹರಕೊಂಡ್ವಿ. ನೀ ಒಂದ ಮಾತಿನ್ಯಾಗ ಮಾಡಿಸಿದಿ.”

ಹೆಗಲ ಮೇಲಿನ ಟವೆಲ್ಲಿನ ಗಂಟು ಬಿಚ್ಚಿದ. ಒಳಗೆ ಕಂದು ಬಣ್ಣದ, ಎಣ್ಣೆ ಹಚ್ಚಿದಂತೆ ಮಿರುಗುವ ತತ್ತಿಗಳು.

“ನಿನಗ ಹಕ್ಕಿ ಅಂದ್ರ ಜೀವ ಅಂತ ನಾಯಿ ಬಾಯಿಗೆ ಬೀಳದಂಗ ಎತ್ತಿ ಇಟ್ಟೇನಿ. ಕೋಳಿ ಕೆಳಗ ಇಟ್ರ ಮರಿ ಆಗ್ತಾವೇನು?”

ಮುಟ್ಟಿದೆ. ತಣ್ಣಗಿದ್ದವು.

“ಯಾವಾಗ ಎತ್ತಿದಿ, ಕಾಕಾ?”

“ಶುಕ್ರವಾರ.”

“ನಾ ನೀರು ಕೇಳಾಕ ಹೋಗಿದ್ದೆ, ಕಾಕಾ. ತಗಸಾಕಲ್ಲ.”

ಅವನ ನಗು ನಿಂತಿತು. ಬಸಿಗಾಲುವೆಯನ್ನು ನೋಡಿದ, ಕೈಯಲ್ಲಿದ್ದ ಟವೆಲ್ಲನ್ನು ನೋಡಿದ.

“ಮತ್ತ ಜವಳು ಅಂತ ಯಾಕಂದಿ ಬೇ?”

“ಬ್ಯಾರೆ ಏನನ್ನಬೇಕಿತ್ತು? ನೀನ ಹೇಳು.”

ಕೆಸರಿನಲ್ಲಿ ಗಂಡು ದೇವನಕ್ಕಿ ಒಂದೊಂದೇ ಎಲೆಯ ಹತ್ತಿರ ಹೋಗಿ ಬಗ್ಗಿ ನೋಡುತ್ತಿತ್ತು. ಬಹಳ ಹೊತ್ತು ಯೋಚಿಸಿದರೂ ಕಾಕಾನಿಗೆ ಬೇರೆ ಹೆಸರು ಹೊಳೆಯಲಿಲ್ಲ.